ಕಂಬದಿಂದ ಈಚೆ, ಕಂಬದಿಂದ ಆಚೆ: ಮನೆಯ ನಿಧಾನ ನೆಟ್ ಸರಿಮಾಡಿದ ಬಗೆ

ನಮ್ಮ ಮನೆ ಇರುವುದು ಪೆರ್ಲ–ಬದಿಯಡ್ಕ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಮೇಲಿನ ಬದಿಯಲ್ಲಿ. ಕಾಸರಗೋಡು ಜಿಲ್ಲೆಯ ಈ ಮೂಲೆಗೆ ಫೈಬರ್ ಬಂದದ್ದೇ ನಮಗೆ ದೊಡ್ಡ ಸಂಗತಿ. ಮೊದಲು ತಾಮ್ರದ ಟೆಲಿಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬರುತ್ತಿತ್ತು. ಒಂದು ಒಳ್ಳೆ ಸಿಡಿಲು ಬಂದರೆ ಮೋಡೆಮ್ ಸುಟ್ಟು ಹೋಗುತ್ತಿತ್ತು. ಈಗ ಇರುವುದು 100 ಎಂಬಿಪಿಎಸ್ ಪ್ಲಾನ್. ಅತ್ತಿಗೆ ಬೆಂಗಳೂರಿನ ಕಂಪೆನಿಯ ಕೆಲಸವನ್ನು ಉಪ್ಪರಿಗೆಯ ಕೋಣೆಯಲ್ಲೇ ಕೂತು ಮಾಡುತ್ತಾರೆ. ಅಣ್ಣನ ಮಗಳಿಗೆ ಸಂಜೆ ಆನ್‌ಲೈನ್ ಟ್ಯೂಷನ್. ಅಪ್ಪನಿಗೆ ಅಡಿಕೆ ಧಾರಣೆ ನೋಡಬೇಕು, ಕೃಷಿಯ ವಿಡಿಯೊ ನೋಡಬೇಕು. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಕಣ್ಣಿಡಲು ಒಂದು ಕ್ಯಾಮೆರಾ.

ಇಷ್ಟಕ್ಕೆಲ್ಲ 100 ಎಂಬಿಪಿಎಸ್ ಧಾರಾಳ ಸಾಕು. ಆದರೆ ಮಳೆಗಾಲ ಶುರುವಾದ ಮೇಲೆ ಅತ್ತಿಗೆಯ ಮೀಟಿಂಗ್‌ನಲ್ಲಿ ಚಿತ್ರ ಅಲ್ಲೇ ನಿಂತುಬಿಡುವುದು, ಮಾತು ತುಂಡು ತುಂಡಾಗಿ ಕೇಳುವುದು ಜಾಸ್ತಿ ಆಯಿತು. ರಾತ್ರಿ ಊಟದ ಹೊತ್ತಿಗೆ ಟಿವಿಯಲ್ಲಿ ವಿಡಿಯೊ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಜೋರು ಮಳೆ ಹೊಡೆದ ದಿನ ಮೋಡೆಮಿನಲ್ಲಿ ಕೆಂಪು ದೀಪ.

"ಈ ಕಂಪೆನಿಯ ಸಹವಾಸವೇ ಬೇಡ ಮಾರಾಯ, ಬೇರೆಯವರದ್ದು ಹಾಕಿಸುವ" ಅಂತ ಅಣ್ಣ ಹೇಳಿದ. ನನಗೂ ಸಿಟ್ಟು ಇತ್ತು. ಆದರೂ ಬದಲಾಯಿಸುವ ಮೊದಲು ತೊಂದರೆ ಎಲ್ಲಿದೆ ಅಂತ ನೋಡಲೇಬೇಕು ಅಂತ ಹಟ ಹಿಡಿದೆ. ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿದು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಮೊದಲು ನಲ್ಲಿ ನೋಡುತ್ತೇವೆ, ಆಮೇಲೆ ಟಾಂಕಿ, ಆಮೇಲೆ ಪೈಪು, ಕೊನೆಗೆ ಸುರಂಗದ ಬಾಯಿ. ನೆಟ್ಟಿಗೂ ಅದೇ ಕ್ರಮ.

ನಾನು ಇದನ್ನು ಮೂರು ತುಂಡು ಮಾಡಿಕೊಂಡೆ. ಮನೆಯೊಳಗಿನ ವೈಫೈ ಒಂದು. ಮೋಡೆಮಿನಿಂದ ಕಂಬದವರೆಗಿನ ಫೈಬರ್ ಇನ್ನೊಂದು. ಕಂಬದಿಂದ ಆಚೆಗಿನ ಕಂಪೆನಿಯ ಜಾಲ ಮೂರನೆಯದು. ಕಂಪೆನಿ ಬದಲಾಯಿಸಿದರೆ ಮೂರನೆಯದು ಬದಲಾಗುತ್ತದೆ, ಹೆಚ್ಚೆಂದರೆ ಎರಡನೆಯದೂ ಬದಲಾದೀತು. ಮೊದಲನೆಯದು ಯಾರು ಬಂದರೂ ಹಾಗೆಯೇ ಉಳಿಯುತ್ತದೆ. ಹಾಗಾಗಿ ಯಾವ ತುಂಡಿನಲ್ಲಿ ಎಷ್ಟು ಸೋರಿಕೆ ಅಂತ ತಿಳಿಯದೆ ಬದಲಾಯಿಸಿದರೆ ಹಣವೂ ಹೋಗುತ್ತದೆ, ತೊಂದರೆಯೂ ಮನೆಯಲ್ಲೇ ಇರುತ್ತದೆ.

ಮೊದಲು ಅಳತೆ

ಉಪ್ಪರಿಗೆಯಲ್ಲಿ ನಿಂತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿ "ಆರೇ ಎಂಬಿಪಿಎಸ್ ಬರುವುದು" ಅಂದರೆ ಮೂರೂ ತುಂಡುಗಳ ತೊಂದರೆ ಒಂದೇ ಅಂಕಿಯಲ್ಲಿ ಕಲಸಿಹೋಗುತ್ತದೆ. ಬೇರೆ ಬೇರೆ ಅಳೆಯಬೇಕು. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ಮೋಡೆಮಿಗೆ ಸಿಕ್ಕಿಸಿದೆ. ಉಳಿದವರ ಫೋನು, ಟಿವಿ, ಕ್ಯಾಮೆರಾ ಎಲ್ಲ ಆ ಹೊತ್ತಿಗೆ ಬಂದ್. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ಅಳೆದು ಹಳೆಯ ಡೈರಿಯಲ್ಲಿ ಬರೆದಿಟ್ಟೆ. ಮಳೆ ಇತ್ತೋ ಇಲ್ಲವೋ ಅನ್ನುವುದನ್ನೂ ಬರೆದೆ. ಅದು ಆಮೇಲೆ ತುಂಬ ಉಪಯೋಗಕ್ಕೆ ಬಂತು.

ಬಿಸಿಲು ಬಂದ ಬೆಳಿಗ್ಗೆ ಕೇಬಲ್‌ನಲ್ಲಿ 94. ಮಳೆ ಹೊಡೆಯುವಾಗ ಅದೇ ಕೇಬಲ್‌ನಲ್ಲಿ 30, ಕೆಲವೊಮ್ಮೆ 12. ರಾತ್ರಿ ಒಂಬತ್ತಕ್ಕೆ ಮಳೆ ಇಲ್ಲದಿದ್ದರೂ 25ರ ಸುತ್ತ. ಬೆಳಿಗ್ಗೆಯೇ ವೈಫೈಯಲ್ಲಿ ನೋಡಿದರೆ ಚಾವಡಿಯಲ್ಲಿ 40, ಉಪ್ಪರಿಗೆಯ ಕೋಣೆಯಲ್ಲಿ 6.

94 ಅಂತ ಬಂದದ್ದಕ್ಕೆ ಗಾಬರಿ ಬೇಡ. ಮೋಡೆಮಿನ ಲ್ಯಾನ್ ಪೋರ್ಟು 100 ಎಂಬಿಪಿಎಸ್‌ನದ್ದಾದರೆ ಒಳಗಿನ ಲೆಕ್ಕದ ಖರ್ಚು ಕಳೆದು ಟೆಸ್ಟಿನಲ್ಲಿ ಕಾಣುವುದು ಅಷ್ಟೇ. ಇನ್ನೂ ದೊಡ್ಡ ಪ್ಲಾನ್ ಹಾಕಿಸಿದರೂ ಆ ಪೋರ್ಟಿನಿಂದ 94ರ ಮೇಲೆ ಬರುವುದಿಲ್ಲ. ಗಿಗಾಬಿಟ್ ಪೋರ್ಟು ಬೇಕು, ಜೊತೆಗೆ ಕೇಬಲ್‌ನ ಎಂಟೂ ತಂತಿ ಸರಿಯಾಗಿ ಮುಟ್ಟಿರಬೇಕು. ಇನ್ನೊಂದು ಗೊಂದಲವೂ ಉಂಟು. ಪ್ಲಾನಿನ ಲೆಕ್ಕ ಮೆಗಾಬಿಟ್‌ನಲ್ಲಿ, ಫೈಲ್ ಇಳಿಸುವಾಗ ಕಂಪ್ಯೂಟರ್ ತೋರಿಸುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಇಳಿದರೆ ಅದು ಪೂರ್ತಿ ವೇಗವೇ.

ತಿಂಗಳ ಡೇಟಾ ಮಿತಿ ಮುಗಿದಿದೆಯೋ ಅಂತಲೂ ನೋಡಿದೆ. ಮುಗಿದರೆ ವೇಗ ಒಮ್ಮೆಲೇ ಕೆಲವೇ ಎಂಬಿಪಿಎಸ್‌ಗೆ ಇಳಿಯುತ್ತದೆ, ತಿಂಗಳು ಮುಗಿಯುವವರೆಗೆ ಹಾಗೆಯೇ ಇರುತ್ತದೆ. ನಮ್ಮದು ಮುಗಿದಿರಲಿಲ್ಲ.

ಆಮೇಲೆ ಪಿಂಗ್, ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಅಂತ ನೋಡುವುದು. ಎಲ್ಲರೂ ಹೊರಗಿನ ಸರ್ವರನ್ನು ಪಿಂಗ್ ಮಾಡುತ್ತಾರೆ. ಮೊದಲು ಮಾಡಬೇಕಾದದ್ದು ಮನೆಯ ಮೋಡೆಮನ್ನೇ. ನಮ್ಮದರ ವಿಳಾಸ 192.168.1.1. ಕೇಬಲ್‌ನಲ್ಲಿ 1 ಮಿಲಿಸೆಕೆಂಡಿಗೆ ಉತ್ತರ ಬಂತು, ಒಂದೂ ತಪ್ಪಲಿಲ್ಲ. ಉಪ್ಪರಿಗೆಯಿಂದ ವೈಫೈಯಲ್ಲಿ ಮಾಡಿದರೆ ಒಮ್ಮೆ 4, ಒಮ್ಮೆ 380, ನಡುವೆ ಉತ್ತರವೇ ಇಲ್ಲ. ಅಂದರೆ ಅತ್ತಿಗೆಯ ಮಾತು ಮನೆಯ ಚಾವಡಿ ದಾಟುವ ಮೊದಲೇ ತುಂಡಾಗುತ್ತಿತ್ತು. ಇದರಲ್ಲಿ ಕಂಪೆನಿಯ ಪಾತ್ರ ಏನೂ ಇಲ್ಲ.

ಮುರಕಲ್ಲಿನ ಗೋಡೆ

ವೈಫೈ ನಿಧಾನವಾದರೆ ಚಾನೆಲ್ ಬದಲಾಯಿಸಿ ಅಂತ ಎಲ್ಲ ಕಡೆ ಸಲಹೆ ಸಿಗುತ್ತದೆ. ಫ್ಲ್ಯಾಟಿನಲ್ಲಿ ಇರುವವರಿಗೆ ಅದು ಸರಿ, ಸುತ್ತಲೂ ಹತ್ತಾರು ರೂಟರ್ ಇರುತ್ತವೆ. ಫೋನಿನಲ್ಲಿ ವೈಫೈ ಅನಲೈಸರ್ ಹಾಕಿ ನೋಡಿದರೆ ನಮ್ಮ ಅಂಗಳದಲ್ಲಿ ಕಾಣುವುದು ನಮ್ಮದೊಂದೇ ಹೆಸರು. ಪಕ್ಕದ ಮನೆ ತೋಟದ ಆಚೆ. ಇಲ್ಲಿ ಅಡ್ಡ ಬರುವುದು ಗೋಡೆ. ಮುರಕಲ್ಲಿನ ದಪ್ಪ ಗೋಡೆ, ಮೇಲೆ ಕಾಂಕ್ರೀಟ್ ಸ್ಲ್ಯಾಬ್. ಮುರಕಲ್ಲು ತೂತು ತೂತಿನ ಕಲ್ಲು, ಮಳೆಗಾಲದಲ್ಲಿ ನೀರು ಹೀರುತ್ತದೆ. ನೀರು ರೇಡಿಯೊ ಅಲೆಯನ್ನು ತಿನ್ನುತ್ತದೆ. ಮಳೆ ಬಂದ ಮೇಲೆ ಉಪ್ಪರಿಗೆಯ ಸಿಗ್ನಲ್ ಇನ್ನಷ್ಟು ಇಳಿದದ್ದಕ್ಕೆ ಇದೂ ಒಂದು ಕಾರಣ.

ಫೈಬರ್ ಒಳಗೆ ಬರುವ ತೂತು ಚಾವಡಿಯ ಮೂಲೆಯಲ್ಲಿ. ಮೋಡೆಮ್ ಅಲ್ಲೇ, ಉಕ್ಕಿನ ಕಪಾಟಿನ ಹಿಂದೆ ಇತ್ತು. ಅದನ್ನು ಕಪಾಟಿನಿಂದ ಬಿಡಿಸಿ ಗೋಡೆಯ ಮೇಲೆ ಎತ್ತರಕ್ಕೆ ಹಾಕಿದೆ. ಚಾವಡಿಯಲ್ಲಿ 40 ಇದ್ದದ್ದು 55 ಆಯಿತು. ಉಪ್ಪರಿಗೆಗೆ ಅದು ಸಾಲದು.

ಸಿಗ್ನಲ್ ಹಿಡಿದು ಮುಂದೆ ಕಳಿಸುವ ರಿಪೀಟರ್ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತದೆ. ನನಗೆ ಅದು ಬೇಡವಾಗಿತ್ತು. ಬರುವ ಸಿಗ್ನಲ್ಲೇ ಸೋತಿದ್ದರೆ ಅದು ಸೋತದ್ದನ್ನೇ ಮುಂದೆ ಕಳಿಸುತ್ತದೆ. ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಚಾನೆಲ್ ಬಳಸುವ ಪೆಟ್ಟಿಗೆಯಾದರೆ ವೇಗ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಚಾವಡಿಯಿಂದ ಅಟ್ಟದ ಮೂಲಕ ಉಪ್ಪರಿಗೆಗೆ ಕೇಬಲ್ ಎಳೆದು, ಆ ತುದಿಗೆ ಇನ್ನೊಂದು ರೂಟರ್ ಇಡುವುದೇ ಗಟ್ಟಿ ಕೆಲಸ.

ಕೇಬಲ್ ಕೊಳ್ಳುವಾಗ ಒಂದು ಮಾತು. ಅಂಗಡಿಯಲ್ಲಿ ಕ್ಯಾಟ್-6 ಅಂತ ಎರಡು ರೇಟಿನದ್ದು ಇತ್ತು. ಅಗ್ಗದ್ದರ ಒಂದು ತುಂಡು ಕೇಳಿ ತೆಗೆದುಕೊಂಡು, ತಂತಿಯ ಮೇಲ್ಮೈಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ತಾಮ್ರದ ಬಣ್ಣ ಹೋಗಿ ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಮ್‌ಗೆ ತಾಮ್ರ ಬಳಿದದ್ದು. ಬಗ್ಗಿಸಿದರೆ ಬೇಗ ತುಂಡಾಗುತ್ತದೆ, ರೆಸಿಸ್ಟೆನ್ಸ್ ಜಾಸ್ತಿ. ಅದೇ ತಂತಿಯಲ್ಲಿ ಕ್ಯಾಮೆರಾಕ್ಕೆ ಕರೆಂಟೂ ಕಳಿಸುವುದಾದರೆ ಇನ್ನೂ ತೊಂದರೆ. ಪೂರ್ತಿ ತಾಮ್ರದ್ದಕ್ಕೆ ಹಣ ಸ್ವಲ್ಪ ಹೆಚ್ಚು ಕೊಟ್ಟೆ. ಅಟ್ಟದಲ್ಲಿ ಒಮ್ಮೆ ಎಳೆದದ್ದನ್ನು ಮತ್ತೆ ಎಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಎರಡೂ ತುದಿಗೆ ಒಂದೇ ಕ್ರಮದಲ್ಲಿ ಜ್ಯಾಕ್ ಒತ್ತಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಜೋಡಿ ನಡುವೆ, ಹಸಿರು ಜೋಡಿ ಅದರ ಎರಡು ಬದಿಗೆ ಅಂತ ನೆನಪಿಟ್ಟರೆ ತಪ್ಪುವುದಿಲ್ಲ. ಕರೆಂಟಿನ ಪೈಪಿನಲ್ಲಿ ಇದನ್ನು ತೂರಿಸಬಾರದು, ಬೇರೆ ಪೈಪು ಹಾಕಬೇಕು.

ಮೇಲಿನ ರೂಟರಿಗೆ 192.168.1.2 ಅಂತ ವಿಳಾಸ ಕೊಟ್ಟು, ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನು ಅದರಲ್ಲಿ ಬಂದ್ ಮಾಡಿದೆ. ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ (ಹೊರಗಿನ ಲೈನ್ ಸಿಕ್ಕಿಸುವ ಜಾಗ) ಹಾಕದೆ ಲ್ಯಾನ್ ಪೋರ್ಟಿಗೆ ಹಾಕಿದೆ. ಹೆಸರು, ಪಾಸ್‌ವರ್ಡ್ ಕೆಳಗಿನದ್ದೇ. ಕೆಳಗೆ ಚಾನೆಲ್ 1, ಮೇಲೆ 11. ಕೋಣೆಯೊಳಗೆ 5 ಗಿಗಾಹರ್ಟ್ಸ್ ಕೂಡ ಸಿಗುತ್ತದೆ. ಅದು ಗೋಡೆ ದಾಟುವುದರಲ್ಲಿ ಸೋತರೂ ಎದುರುಬದುರಿಗೆ ಗಟ್ಟಿ. ಅತ್ತಿಗೆಯ ಮೇಜಿನ ಮೇಲೆ 6 ಇದ್ದ ಅಂಕಿ 92 ಆಯಿತು. ಪಿಂಗ್ 2, 3. ಅಷ್ಟು ದಿನ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು "ಹಲೋ, ಕೇಳಿಸ್ತಾ ಇದೆಯಾ" ಅನ್ನುತ್ತಿದ್ದವರು ಅವತ್ತು ಮೀಟಿಂಗ್ ಪೂರ್ತಿ ಮುಗಿಸಿ ಕೆಳಗೆ ಬಂದರು. ನನಗೆ ತುಂಬ ಸಂತೋಷ ಆಯಿತು.

ಮೈನಸ್ 27

ಇನ್ನು ಮಳೆಯ ತೊಂದರೆ. ಫೈಬರಿನಲ್ಲಿ ಹೋಗುವುದು ಬೆಳಕು. ಮಳೆಗೂ ಅದಕ್ಕೂ ಏನು ಸಂಬಂಧ ಅಂತ ಅನಿಸಬಹುದು. ಸಂಬಂಧ ಇರುವುದು ಜೋಡಣೆಯ ಜಾಗದಲ್ಲಿ.

ಬ್ರೌಸರಿನಲ್ಲಿ ಮೋಡೆಮಿನ ವಿಳಾಸ ಹಾಕಿ ಅದರ ಒಳಪುಟ ತೆರೆದರೆ ಫೈಬರಿನಿಂದ ಬರುವ ಬೆಳಕಿನ ಶಕ್ತಿ ಎಷ್ಟು ಅಂತ ಡಿಬಿಎಂ ಅನ್ನುವ ಮಾನದಲ್ಲಿ ಬರೆದಿರುತ್ತದೆ; ಏರಿಳಿತದ ಲೆಕ್ಕ ಡಿಬಿಯಲ್ಲಿ. ಆರ್‌ಎಕ್ಸ್ ಪವರ್ ಅಂತ ಹುಡುಕಬೇಕು. ಅಂಕಿ ಮೈನಸ್‌ನಲ್ಲಿ ಇರುತ್ತದೆ. ಮೈನಸ್ 3 ಹೆಚ್ಚಾದರೆ ಬೆಳಕು ಅರ್ಧ ಆಯಿತು ಅಂತ ಅರ್ಥ. ಸಾಮಾನ್ಯ ಮನೆ ಮೋಡೆಮ್‌ಗಳು ಮೈನಸ್ 8ರಿಂದ ಮೈನಸ್ 27ರ ವರೆಗೆ ಓದುತ್ತವೆ. ನಮ್ಮದರಲ್ಲಿ ಇದ್ದದ್ದು ಮೈನಸ್ 27.4. ಮಳೆ ಬಂದಾಗ ಮೈನಸ್ 28 ದಾಟಿ ಕೆಂಪು ದೀಪ.

ಎಷ್ಟು ಇರಬೇಕಿತ್ತು ಅಂತ ಮನೆಯಲ್ಲೇ ಲೆಕ್ಕ ಹಾಕಬಹುದು. ಕಂಪೆನಿಯ ಯಂತ್ರದಿಂದ ಹೊರಡುವಾಗ ಸುಮಾರು ಪ್ಲಸ್ 3. ದಾರಿಯಲ್ಲಿ ಒಂದನ್ನು ಎಂಟು ಮಾಡುವ ಸ್ಪ್ಲಿಟರ್ ಎರಡು ಕಡೆ ಇದೆ ಅಂತ ಲೈನಿನ ಹುಡುಗ ಹೇಳಿದ. ಒಂದೊಂದಕ್ಕೆ ಹತ್ತೂವರೆ ಡಿಬಿ ಹೋಗುತ್ತದೆ, ಎರಡಕ್ಕೆ 21. ದೂರಕ್ಕೆ ಕಿಲೋಮೀಟರಿಗೆ 0.3ರ ಒಳಗೆ, ನಮಗೆ ಹೆಚ್ಚೆಂದರೆ 2. ಕನೆಕ್ಟರ್, ಜಾಯಿಂಟ್ ಅಂತ ಇನ್ನೊಂದು, ಒಂದೂವರೆ. ಒಟ್ಟಿಗೆ ಮೈನಸ್ 21, 22ರ ಹತ್ತಿರ ಬರಬೇಕು. ನಮಗೆ ಅದಕ್ಕಿಂತ 6 ಡಿಬಿ ಕಡಿಮೆ ಬರುತ್ತಿತ್ತು. ಬರಬೇಕಾದ ಬೆಳಕಿನಲ್ಲಿ ಕಾಲುಪಾಲು ಮಾತ್ರ ಮೋಡೆಮಿಗೆ ಮುಟ್ಟುತ್ತಿತ್ತು. ಬೆಳಕು ಕಡಿಮೆ ಆದ ಮಾತ್ರಕ್ಕೆ ವೇಗ ನೇರವಾಗಿ ಇಳಿಯುವುದಿಲ್ಲ. ಆದರೆ ಅಂಚಿಗೆ ಬಂದಾಗ ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ಕಟ್ಟು, ತಪ್ಪುತ್ತದೆ, ತಪ್ಪಿದ್ದನ್ನು ಮತ್ತೆ ಕಳಿಸಬೇಕು, ಕಳಿಸುವ ಸರ್ವರ್ ಹೆದರಿ ವೇಗ ತಗ್ಗಿಸುತ್ತದೆ. ಮಳೆಯಲ್ಲಿ 94 ಹೋಗಿ 12 ಆಗುತ್ತಿದ್ದದ್ದು ಹೀಗೆ.

ಈ ಅಂಕಿ ಬರೆದು ದೂರು ಕೊಟ್ಟೆ. "ನೆಟ್ ಸ್ಲೋ" ಅಂತ ಹೇಳಿದಾಗಲೆಲ್ಲ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅನ್ನುವ ಉತ್ತರ ಬರುತ್ತಿತ್ತು. ಆರ್‌ಎಕ್ಸ್ ಮೈನಸ್ 27.4 ಅಂತ ಹೇಳಿದ ಮೇಲೆ ಆ ಮಾತು ಬರಲಿಲ್ಲ, ಆಳು ಬಂದ. ನಮ್ಮಲ್ಲಿ ಕಸ್ಟಮರ್ ಕೇರ್ ಮಲಯಾಳದಲ್ಲಿ ಮಾತಾಡುತ್ತದೆ. ಅಪ್ಪನಿಗೆ ಅಷ್ಟು ಸರಾಗ ಬರುವುದಿಲ್ಲ. ಹೀಗೆ ಅಂಕಿ ಬರೆದ ಚೀಟಿ ಕೈಯಲ್ಲಿದ್ದರೆ ಅವರೂ ಧೈರ್ಯವಾಗಿ ಫೋನ್ ಮಾಡುತ್ತಾರೆ.

ಹುಡುಗ ಒಳ್ಳೆಯವನು, ಕೆಲಸ ಗೊತ್ತಿದ್ದವನು. ಪವರ್ ಮೀಟರ್ ತಂದು ಕಂಬದ ಪೆಟ್ಟಿಗೆಯಲ್ಲೇ ಅಳೆದ. ಅಲ್ಲಿ ಮೈನಸ್ 20.6. "ಅಣ್ಣ, ಕಂಬದವರೆಗೆ ಸರಿ ಉಂಟು. ತೊಂದರೆ ನಿಮ್ಮ ತೋಟದಲ್ಲಿ" ಅಂದ. ಇಬ್ಬರೂ ಕೇಬಲ್ ಹಿಡಿದು ಮನೆ ಕಡೆ ನಡೆದೆವು.

ಕಂಬದಿಂದ ಮನೆಗೆ ಬರುವ ಕಪ್ಪು ಡ್ರಾಪ್ ಕೇಬಲ್ ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಬರುತ್ತದೆ. ನಡುವೆ ಒಂದು ಕಡೆ, ಹಿಂದೆ ಸೋಗೆ ಬಿದ್ದು ತುಂಡಾದಲ್ಲಿ, ಜಾಯಿಂಟ್ ಹಾಕಿ ಇನ್ಸುಲೇಷನ್ ಟೇಪು ಸುತ್ತಿದ್ದರು. ಟೇಪು ಬಿಚ್ಚಿದರೆ ಒಳಗೆ ಇರುವೆಯ ಮಣ್ಣು, ಬಿಳಿ ಮೊಟ್ಟೆ. ಜಾಯಿಂಟಿನ ಪ್ಲಾಸ್ಟಿಕ್ಕಿನೊಳಗೆ ನೀರು ಪಸೆ ಪಸೆ. ಎರಡು ಗಾಜಿನ ಎಳೆಗಳನ್ನು ಎದುರುಬದುರು ಒತ್ತಿ ಹಿಡಿಯುವ ಜಾಯಿಂಟ್ ಅದು, ಬೆಸೆದದ್ದಲ್ಲ. ಬೆಳಕು ಓಡುವ ತಿರುಳು 9 ಮೈಕ್ರಾನ್ ದಪ್ಪ. ಸುತ್ತಿನ ಗಾಜು ಸೇರಿದರೂ 125 ಮೈಕ್ರಾನ್. ಅಲ್ಲಿ ಒಂದು ಕಣ ಮಣ್ಣು, ಒಂದು ಹನಿ ನೀರು ಸಾಕು.

ಹುಡುಗ ಸ್ಪ್ಲೈಸಿಂಗ್ ಮೆಷಿನ್ ತಂದಿದ್ದ. ಎಳೆಯ ಮೇಲಿನ ಪದರ ಸುಲಿದು, ಸ್ಪಿರಿಟ್‌ನಲ್ಲಿ ಒರಸಿ, ಕ್ಲೀವರ್‌ನಲ್ಲಿ ತುದಿಯನ್ನು ನೇರ ಕತ್ತರಿಸಿ ಎರಡನ್ನೂ ಮೆಷಿನ್ನಿನಲ್ಲಿ ಇಟ್ಟ. ಸಣ್ಣ ಪರದೆಯಲ್ಲಿ ಎರಡು ತುದಿಗಳು ದೊಡ್ಡದಾಗಿ ಕಂಡವು, ತಾವಾಗಿಯೇ ಹತ್ತಿರ ಬಂದವು, ಒಂದು ಕಿಡಿ, ನಡುವಿನ ಗೆರೆ ಮಾಯ. ನಷ್ಟ 0.02 ಡಿಬಿ ಅಂತ ತೋರಿಸಿತು. ಬೆಸುಗೆಯ ಮೇಲೆ ಪ್ಲಾಸ್ಟಿಕ್ ಕೊಳವೆ ಏರಿಸಿ ಕಾಯಿಸಿ, ನೀರು ಹೋಗದ ಪೆಟ್ಟಿಗೆಯಲ್ಲಿ ಇಟ್ಟು ಮರಕ್ಕೆ ಕಟ್ಟಿದ. ಕತ್ತರಿಸಿ ಬಿದ್ದ ಗಾಜಿನ ಚೂರುಗಳನ್ನು ಒಂದೊಂದಾಗಿ ಟೇಪಿಗೆ ಅಂಟಿಸಿ ಡಬ್ಬಿಗೆ ಹಾಕಿದ. ಬರಿಗಾಲಲ್ಲಿ ಓಡಾಡುವ ತೋಟ ಅದು. ಅವನ ಆ ಎಚ್ಚರ ನನಗೆ ತುಂಬ ಹಿಡಿಸಿತು.

ಚಾವಡಿಯಲ್ಲೂ ಎರಡು ಕೆಲಸ ಇತ್ತು. ಗೋಡೆಯ ತೂತಿನ ಬಳಿ ಬಿಳಿ ಕೇಬಲನ್ನು ಮೊಳೆಗೆ ಸಿಕ್ಕಿಸಿ ಚೂಪಾಗಿ ಮಡಚಿದ್ದರು. ಹುಡುಗ ಕೆಂಪು ಬೆಳಕಿನ ಪೆನ್ನು ಹಾಕಿ ಚಾವಡಿಯ ದೀಪ ಆರಿಸಲು ಹೇಳಿದ. ಮಡಿಕೆಯ ಜಾಗದಲ್ಲಿ ಮಾತ್ರ ಕೇಬಲ್ ಕೆಂಪಗೆ ಹೊಳೆಯಿತು. ಅಷ್ಟು ಬೆಳಕು ಅಲ್ಲೇ ಹೊರಗೆ ಚೆಲ್ಲುತ್ತಿದೆ ಅಂತ ಅರ್ಥ. ಬಗ್ಗುವ ಜಾತಿಯ ಫೈಬರಿಗೂ 7.5ರಿಂದ 10 ಮಿಲಿಮೀಟರ್ ತ್ರಿಜ್ಯದ ತಿರುವಾದರೂ ಬೇಕು. ಮೊಳೆಯ ಮೂಲೆಗೆ ಅದು ತಡೆಯುವುದಿಲ್ಲ. ಇನ್ನೊಂದು, ಎರಡು ಕೇಬಲ್ ತುದಿಗಳನ್ನು ಸೇರಿಸುವ ಹಸಿರು ಕಪ್ಲರಿಗೆ ನೀಲಿ ಕನೆಕ್ಟರ್ ಸಿಕ್ಕಿಸಿದ್ದರು. ಹಸಿರಿನ ತುದಿ 8 ಡಿಗ್ರಿ ಓರೆಯಾಗಿ ಉಜ್ಜಿದ್ದು, ನೀಲಿಯದ್ದು ನೇರ. ಎರಡೂ ಒಳಗೆ ಹೋಗುತ್ತವೆ, ಆದರೆ ಗಾಜಿಗೆ ಗಾಜು ಸರಿಯಾಗಿ ಕೂರುವುದಿಲ್ಲ. ಎರಡೂ ಕಡೆ ಹಸಿರು ಹಾಕಿದ ಮೇಲೆ ಮೋಡೆಮಿನಲ್ಲಿ ಮೈನಸ್ 21.3.

ಕನೆಕ್ಟರ್ ಬಿಚ್ಚಿದಾಗ ತುದಿಯೊಳಗೆ ಕಣ್ಣಿಟ್ಟು ನೋಡಬಾರದು. ಮನೆಗೆ ಬರುವ ಬೆಳಕು 1490 ನ್ಯಾನೊಮೀಟರಿನದ್ದು. ಕಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಹೇಳಿಯೇ ಇಡಬೇಕು.

ಅದಾದ ಮೇಲೆ ಎಂಥ ಮಳೆ ಬಂದರೂ ಕೇಬಲ್‌ನಲ್ಲಿ ಹಗಲು 94 ಗಟ್ಟಿ ನಿಂತಿತು.

ರಾತ್ರಿ ಎಂಟೂವರೆಯ ನಂತರ

ಉಳಿದದ್ದು ರಾತ್ರಿ. ವೈಫೈ ಸರಿ, ಬೆಳಕು ಸರಿ, ಮೋಡೆಮಿನ ಪಿಂಗ್ ಸರಿ. ಆದರೂ ಎಂಟೂವರೆಯಿಂದ ಹತ್ತೂವರೆವರೆಗೆ 25, 30. ಹತ್ತೂವರೆ ದಾಟಿದರೆ ಮತ್ತೆ 90ರ ಮೇಲೆ. ಹೊತ್ತು ನೋಡಿ ಬರುವ ಕಾಯಿಲೆ ಇದು.

ಮೊದಲು ನಮ್ಮ ಮನೆಯದ್ದೇ ಕಾರಣ ಇರಬಹುದೇ ಅಂತ ನೋಡಿದೆ. ಆ ಹೊತ್ತಿಗೆ ಎಲ್ಲರ ಫೋನೂ ಚಾರ್ಜಿಗೆ ಹೋಗಿ ಫೋಟೊ ಬ್ಯಾಕಪ್ ಶುರುವಾಗುತ್ತದೆ. ಅಪ್‌ಲೋಡ್ ತುಂಬಿದರೆ ಪಿಂಗ್ 20 ಇದ್ದದ್ದು 500 ಆಗುತ್ತಿತ್ತು. ಬ್ಯಾಕಪ್ಪನ್ನು ನಡುರಾತ್ರಿಗೆ ತಳ್ಳಿದೆ. ಪಿಂಗ್ ಇಳಿಯಿತು, ವೇಗ ಏರಲಿಲ್ಲ.

ಆಮೇಲೆ ಟ್ರೇಸ್‌ರೂಟ್, ಅಂದರೆ ದಾರಿಯ ಒಂದೊಂದು ಯಂತ್ರ ಉತ್ತರ ಕೊಡಲು ಎಷ್ಟು ಹೊತ್ತು ಅಂತ ಸಾಲಾಗಿ ತೋರಿಸುವ ಪರೀಕ್ಷೆ. ಹಗಲು ಒಮ್ಮೆ, ರಾತ್ರಿ ಒಮ್ಮೆ ಮಾಡಿ ಪಕ್ಕಪಕ್ಕ ಇಟ್ಟೆ. ಮೊದಲ ಸಾಲು ಮನೆಯ ಮೋಡೆಮ್, ಎರಡನೆಯದು ಕಂಪೆನಿಯ ಮೊದಲ ಯಂತ್ರ. ಎರಡೂ ರಾತ್ರಿಯಲ್ಲೂ ಹಗಲಿನ ಹಾಗೆಯೇ. ಮೂರನೆಯ ಸಾಲಿನಿಂದ ಕೆಳಗೆ ರಾತ್ರಿ ಎಲ್ಲ 120, 140 ಮಿಲಿಸೆಕೆಂಡ್. ಇದನ್ನು ಓದುವಾಗ ಜಾಗ್ರತೆ ಬೇಕು. ನಡುವಿನ ಒಂದೇ ಸಾಲು ಏರಿ, ಮುಂದಿನವು ಇಳಿದಿದ್ದರೆ ಅದು ತೊಂದರೆ ಅಲ್ಲ. ಆ ಯಂತ್ರ ಪಿಂಗಿಗೆ ಉತ್ತರ ಕೊಡುವುದನ್ನು ಹಿಂದೆ ಹಾಕಿದೆ ಅಷ್ಟೇ. ಏರಿದ್ದು ಕೊನೆಯವರೆಗೂ ಏರಿಯೇ ಇದ್ದರೆ ಅಲ್ಲಿ ದಾರಿ ತುಂಬಿದೆ ಅಂತ. ನಮ್ಮಲ್ಲಿ ಹಾಗೆಯೇ ಇತ್ತು. ಅಂದರೆ ಊರಿನ ಯಂತ್ರದಿಂದ ಹೊರಗೆ ಹೋಗುವ ದಾರಿಯೇ ಸಾಲುತ್ತಿಲ್ಲ. ನಮ್ಮ ಕಡೆಯ ಮನೆಗಳೆಲ್ಲ ಊಟ ಮಾಡಿ ಟಿವಿ ಹಾಕುವ ಹೊತ್ತು ಅದು.

ಡೈರಿಯ ಅಂಕಿ, ಟ್ರೇಸ್‌ರೂಟಿನ ಚಿತ್ರ ಎಲ್ಲ ಸೇರಿಸಿ ದೂರು ಕೊಟ್ಟು ದೂರಿನ ಡಾಕೆಟ್ ನಂಬರ್ (ನೋಂದಣಿ ಸಂಖ್ಯೆ) ತೆಗೆದುಕೊಂಡೆ. ಉತ್ತರ ಸಮಾಧಾನ ಕೊಡದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2012ರ ನಿಯಮದಲ್ಲಿ ಆ ದಾರಿ ಇದೆ. ಅದನ್ನೂ ಮಾಡಿದೆ. "ಸಾಮರ್ಥ್ಯ ಹೆಚ್ಚಿಸುವ ಕೆಲಸ ನಡೆಯುತ್ತಿದೆ" ಅನ್ನುವ ಉತ್ತರ ಬಂತು. ಯಾವಾಗ ಅಂತ ಇರಲಿಲ್ಲ. ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 2023ರಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದ್ದಾರೆ. 25 ಬಂದರೆ ಆ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಹಣ ಕೊಡುವುದು 100ಕ್ಕೆ ಅಲ್ವಾ.

ಬದಲಾಯಿಸಬೇಕಾ

ಇಲ್ಲಿಗೆ ಬಂದ ಮೇಲೆ ಬದಲಾಯಿಸುವ ಮಾತಿಗೆ ಅರ್ಥ ಬಂತು. ಯಾಕೆಂದರೆ ಉಳಿದ ತೊಂದರೆ ಕಂಬದಿಂದ ಆಚೆಯದ್ದು.

ನಮ್ಮಲ್ಲಿ ಆಯ್ಕೆ ಈಗ ಮೊದಲಿನಷ್ಟು ಕಡಿಮೆ ಇಲ್ಲ. ಹಳೆಯ ಸರ್ಕಾರಿ ಜಾಲ ಉಂಟು, ಖಾಸಗಿಯವರು ಉಂಟು, ಊರ ಕೇಬಲ್ ಟಿವಿಯವರು ಉಂಟು. ಕೇರಳ ಸರ್ಕಾರದ ಫೈಬರ್ ಇಂಟರ್ನೆಟ್ ಜಾಲ ಕೆ-ಫೋನ್ 2023ರ ಜೂನ್ 5ರಂದು ಉದ್ಘಾಟನೆ ಆಯಿತು, ಅದರ ಫೈಬರ್ ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಕಂಬಗಳ ಮೇಲೆ ಹೋಗುತ್ತದೆ. ಕೇಬಲ್ ಬೇಡ ಅಂದರೆ ಮಾಡಿನ ಮೇಲೆ ಡಬ್ಬಿ ಇಟ್ಟು 5ಜಿ ಹಿಡಿಯುವ ಸಂಪರ್ಕವೂ ಬಂದಿದೆ. ಗುಡ್ಡೆಯ ಮೇಲಿನ ಮನೆಗೆ ಅದು ಒಳ್ಳೆಯದಿರಬಹುದು. ನಮ್ಮದು ಹೊಂಡ. ಫೋನೇ ಒಮ್ಮೆ ಕೇರಳದ ಟವರ್, ಒಮ್ಮೆ ಗಡಿಯಾಚೆ ಕರ್ನಾಟಕದ ಟವರ್ ಅಂತ ಹುಡುಕುತ್ತಾ ಇರುತ್ತದೆ. ಅದನ್ನು ಕೈಬಿಟ್ಟೆ.

ಜಾಹೀರಾತು ನೋಡಿ ಆರಿಸಲಿಲ್ಲ. ಮೇಲಿನ ಮನೆಯ ಮಾವನಲ್ಲಿ ಬೇರೆ ಕಂಪೆನಿಯ ಲೈನ್ ಇತ್ತು. ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪ್, ಕೇಬಲ್ ಹಿಡಿದು ಅಲ್ಲಿಗೆ ಹೋಗಿ ಅಳೆದೆ. 88. ಇನ್ನೊಂದು ರಾತ್ರಿ 90. ಅತ್ತೆ ಕಾಫಿ ಕೊಟ್ಟು "ಇಷ್ಟು ರಾತ್ರಿ ಎಂತ ಲೆಕ್ಕ ಮಾರಾಯ ಇದು" ಅಂದರು. ಬದಲಾಯಿಸಬೇಕು ಅನ್ನುವವರೆಲ್ಲ ಇದೊಂದನ್ನು ಮಾಡಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅದೇ ಊರು, ಅದೇ ಹೊತ್ತು, ಕೇಬಲ್‌ನಲ್ಲಿ ಅಳತೆ. ಮಂಗಳೂರಿನಲ್ಲಿರುವ ನೆಂಟರು ಆ ಕಂಪೆನಿ ಚೆನ್ನಾಗಿದೆ ಅಂದರೆ ನಮ್ಮ ಊರಿನ ಯಂತ್ರದ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಹೊಸಬರಲ್ಲಿ ಕೇಳಿದ ಪ್ರಶ್ನೆಗಳು ಇವು. ಕರೆಂಟ್ ಹೋದರೆ ನಿಮ್ಮ ಊರಿನ ಯಂತ್ರಕ್ಕೆ ಬ್ಯಾಟರಿ ಎಷ್ಟು ಹೊತ್ತು? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ದಿನದ ಮಾತು. ಮನೆಯಲ್ಲಿ ಮೋಡೆಮಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟು, ಆಚೆ ತುದಿ ಸತ್ತರೆ ಏನು ಪ್ರಯೋಜನ. ಇದನ್ನೂ ಮಾವನ ಮನೆಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆ. ತಿಂಗಳ ಡೇಟಾ ಮಿತಿ ಎಷ್ಟು, ದಾಟಿದರೆ ವೇಗ ಎಷ್ಟು? ಮೋಡೆಮ್ ಯಾರದ್ದು, ಬಿಟ್ಟರೆ ಹಣ ವಾಪಸ್ ಉಂಟಾ? ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂದರು. ಬೇಡ, ಮೊದಲು ತಿಂಗಳ ಲೆಕ್ಕದಲ್ಲೇ ಅಂದೆ. ಕ್ಯಾಮೆರಾವನ್ನು ಹೊರಗಿನಿಂದ ನೇರ ನೋಡುವವರು ಇನ್ನೊಂದು ಕೇಳಬೇಕು. ಮೋಡೆಮಿಗೆ ಸಿಗುವ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ಅದು ಹಲವು ಮನೆಗಳಿಗೆ ಹಂಚಿದ ವಿಳಾಸ, ಪೋರ್ಟ್ ತೆರೆದರೂ ಹೊರಗಿನಿಂದ ಒಳಗೆ ಬರಲಾಗುವುದಿಲ್ಲ. ನಮ್ಮ ಕ್ಯಾಮೆರಾ ಕಂಪೆನಿಯ ಆ್ಯಪ್ ಮೂಲಕ ನೋಡುವ ಜಾತಿಯದ್ದು, ತೊಂದರೆ ಇಲ್ಲ.

ಮೊಬೈಲಿನ ಹಾಗೆ ಬ್ರಾಡ್‌ಬ್ಯಾಂಡಿಗೆ ಪೋರ್ಟಿಂಗ್ ಇಲ್ಲ. ಹೊಸದು ಹಾಕಿಸಬೇಕು, ಹಳೆಯದನ್ನು ಬಿಡಬೇಕು. ಲ್ಯಾಂಡ್‌ಲೈನ್ ನಂಬರ್ ಇದ್ದವರು ಅದೂ ಹೋಗಬಹುದು ಅಂತ ತಿಳಿದಿರಬೇಕು. ಹಳೆಯದನ್ನು ಬಿಡುವ ಮೊದಲು ಒಂದು ಬಿಲ್ಲಿನ ಅವಧಿ ಎರಡನ್ನೂ ಇಟ್ಟುಕೊಂಡೆವು. ಅಣ್ಣನಿಗೆ ಅದು ದಂಡದ ಖರ್ಚು ಅನಿಸಿತು. ನನಗೆ ಹಾಗೆ ಅನಿಸಲಿಲ್ಲ. ಅತ್ತಿಗೆಯ ಕೆಲಸ ಇದರ ಮೇಲೆ ನಿಂತಿದೆ.

ಹೊಸ ಲೈನ್ ಎಳೆಯುವಾಗ ತೋಟದ ಪಾಠ ಉಪಯೋಗಕ್ಕೆ ಬಂತು. ಸೋಗೆ ಬೀಳುವ ದಾರಿ ಬಿಟ್ಟು, ತೋಟದ ಬದಿಯ ಕಟ್ಟದ ಮೇಲೆ ಪೈಪಿನೊಳಗೆ ಕೇಬಲ್ ತರಿಸಿದೆ. ಕಂಬದಿಂದ ಮೋಡೆಮ್‌ವರೆಗೆ ನಡುವೆ ಜಾಯಿಂಟ್ ಇಲ್ಲದ ಒಂದೇ ತುಂಡು. ಗೋಡೆಯ ತೂತಿನ ಹೊರಗೆ ಕೇಬಲನ್ನು ಸ್ವಲ್ಪ ಕೆಳಗೆ ಜೋಲಿಸಿ ಮತ್ತೆ ಮೇಲೆ ತಂದು ಒಳಗೆ ಹಾಕಿದೆವು, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿದು ಬರುವುದಿಲ್ಲ. ಒಳಗೆ ಹೆಚ್ಚಿನ ಕೇಬಲನ್ನು ಅಗಲವಾಗಿ ಸುತ್ತಿಟ್ಟೆ. ಆರ್‌ಎಕ್ಸ್ ಮೈನಸ್ 19.8.

ರಾತ್ರಿ ಒಂಬತ್ತರ ಅಳತೆ ಹೊಸದರಲ್ಲಿ 85ರಿಂದ 91ರ ನಡುವೆ, ಅದೇ ರಾತ್ರಿಗಳಲ್ಲಿ ಹಳೆಯದರಲ್ಲಿ 22ರಿಂದ 34. ಅವಧಿ ಮುಗಿಯುವಾಗ ಹಳೆಯದನ್ನು ಬಿಟ್ಟೆವು. ಬಿಡುವ ಅರ್ಜಿಗೆ ಸಹಿ ಹಾಕಿಸಿ, ಮೋಡೆಮ್ ವಾಪಸ್ ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಂಡೆ. ರಸೀದಿ ಇಲ್ಲದೆ ಮೋಡೆಮ್ ಕೊಡಬಾರದು. ಆಮೇಲೆ ಅದರ ಹೆಸರಲ್ಲಿ ಬಿಲ್ಲು ಬಂದರೆ ಕೈಯಲ್ಲಿ ಏನೂ ಇರುವುದಿಲ್ಲ.

ನೀರ್ಚಾಲಿನ ಹತ್ತಿರದ ಚಿಕ್ಕಪ್ಪನ ಮನೆಯಲ್ಲಿ ಇದೇ ಹಳೆಯ ಕಂಪೆನಿ. ಅವರೂ ಬದಲಾಯಿಸುವ ಅಂದುಕೊಂಡಿದ್ದರು. ಹೋಗಿ ಅಳೆದರೆ ಅಲ್ಲಿ ರಾತ್ರಿಯೂ ಕೇಬಲ್‌ನಲ್ಲಿ 93, ಆರ್‌ಎಕ್ಸ್ ಮೈನಸ್ 20. ಅವರ ಊರಿನ ಯಂತ್ರಕ್ಕೆ ಇನ್ನೂ ಅಷ್ಟು ಮನೆ ಸೇರಿಲ್ಲ. ತೊಂದರೆ ಇದ್ದದ್ದು ಅಡುಗೆಮನೆಯ ಗೋಡೆಯ ಆಚೆ ವೈಫೈ ಮುಟ್ಟದ್ದು ಮಾತ್ರ. ಒಂದು ಕೇಬಲ್, ಒಂದು ರೂಟರ್ ಹಾಕಿ ಮುಗಿಯಿತು. ಅವರು ಬದಲಾಯಿಸಲಿಲ್ಲ, ಬದಲಾಯಿಸಬೇಕಾಗಿಯೂ ಇರಲಿಲ್ಲ.

ನಮ್ಮಲ್ಲಿ ಬಾಕಿ ಇರುವುದು ಅಡಿಕೆ ಒಣಗಿಸುವ ಶೆಡ್ಡು. ಅಲ್ಲಿಗೆ ಇನ್ನೊಂದು ಕ್ಯಾಮೆರಾ ಬೇಕು ಅಂತ ಅಪ್ಪ ಹೇಳುತ್ತಿದ್ದಾರೆ. ಮನೆಯಿಂದ ಶೆಡ್ಡಿಗೆ ಬಯಲಲ್ಲಿ ತಾಮ್ರದ ಲ್ಯಾನ್ ಕೇಬಲ್ ಎಳೆಯುವುದಿಲ್ಲ. ತುಲಾ ತಿಂಗಳ ಸಿಡಿಲಿಗೆ ಎರಡೂ ಕಡೆಯ ಪೆಟ್ಟಿಗೆಗಳು ಒಟ್ಟಿಗೆ ಹೋಗುತ್ತವೆ. ಕಬ್ಬಿಣದ ಎಳೆ ಇಲ್ಲದ ಫೈಬರ್ ತುಂಡು, ಎರಡು ತುದಿಗೆ ಬೆಳಕನ್ನು ಲ್ಯಾನ್ ಸಿಗ್ನಲ್ ಮಾಡುವ ಮೀಡಿಯಾ ಕನ್ವರ್ಟರ್ ಹಾಕುವುದು ಅಂತ. ಫೈಬರ್ ಅಳತೆ ತೆಗೆದಿಟ್ಟಿದ್ದೇನೆ. ಹುಡುಗ ಮುಂದಿನ ಸಲ ಈ ಕಡೆ ಬರುವಾಗ ಸ್ಪ್ಲೈಸಿಂಗ್ ಮೆಷಿನ್ ತರುತ್ತೇನೆ ಅಂದಿದ್ದಾನೆ.